ಹೊಗಳಿಕೊಳ್ಳಲು ಬಾರದ ಕಲಾವಿದರಿಗೆ ಕಾರ್ಯಕ್ರಮ ಸಿಗುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಜಾದೂ, ಮಿಮಿಕ್ರಿ ಎರಡೂ ಮಾಡುತ್ತೀರಿ, ನೋಡಿದವರು ಮೆಚ್ಚುತ್ತಾರೆ, ಆದರೂ ಒಂದು ಶೋ ಮುಗಿದರೆ ಮುಂದಿನದಕ್ಕೆ ಫೋನ್ ಹಿಡಿದು ಕಾಯುತ್ತಾ ಕೂರಬೇಕು. ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳಲು ಮುಜುಗರ. ಪ್ರಚಾರ ಸಿಗುತ್ತದೆಂದು ಪುಕ್ಕಟೆ ಶೋ ಒಪ್ಪಿಕೊಳ್ಳಬೇಕೇ ಎಂಬ ಗೊಂದಲ ಬೇರೆ. ನಾನು ಜಾದೂ ಪ್ರದರ್ಶನದಿಂದಲೇ ಸಂಸಾರ ನಡೆಸುವವನು. ಈ ವೃತ್ತಿಯಲ್ಲಿ ಇದ್ದುಕೊಂಡು ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಮುಜುಗರದ ಮಾತು. ನಿಮ್ಮನ್ನು ಕರೆಸುವವರ ತಲೆಯಲ್ಲಿ ನಿಮ್ಮ ಪ್ರತಿಭೆಗಿಂತ ಹೆಚ್ಚು ಓಡುತ್ತಿರುವುದು ಅವರದೇ ಭಯ. ಈ ಮನುಷ್ಯ ಹೇಳಿದ ಹೊತ್ತಿಗೆ ಬರುತ್ತಾನೋ ಇಲ್ಲವೋ? ಮಕ್ಕಳು, ಹಿರಿಯರು ಕೂತಿರುವಾಗ ಅಸಭ್ಯವಾಗಿ ಏನಾದರೂ ಅಂದುಬಿಟ್ಟರೆ? ಜನ ಅರ್ಧಕ್ಕೆ ಎದ್ದು ಹೋದರೆ, ಇವನನ್ನು ಕರೆಸಿದ್ದು ಯಾರು ಎಂದು ಎಲ್ಲರೂ ನನ್ನ ಕಡೆ ತಿರುಗಿದರೆ? ಈ ಭಯ ಕಳೆಯುವುದೇ ನಿಮ್ಮ ಪ್ರಚಾರದ ಕೆಲಸ. ಅದಕ್ಕೆ ಹೊಗಳಿಕೆ ಬೇಕಾಗಿಯೇ ಇಲ್ಲ. ‘40 ನಿಮಿಷದ ಪ್ರದರ್ಶನ, ಚಿಕ್ಕವರು ದೊಡ್ಡವರು ಒಟ್ಟಿಗೆ ಕೂತು ನೋಡಬಹುದು, ಒಂದು ಮೇಜು, ಒಂದು ಮೈಕ್ ಸಾಕು, ಒಂದು ಗಂಟೆ ಮುಂಚೆಯೇ ಬಂದು ಸಿದ್ಧವಾಗಿರುತ್ತೇನೆ’ ಎಂದರೆ ಅದರಲ್ಲಿ ಜಂಬ ಎಲ್ಲಿದೆ? ನಾಲ್ಕೂ ಮಾಹಿತಿ. ‘ಅದ್ಭುತ’, ‘ವಿಶ್ವವಿಖ್ಯಾತ’ ಎಂಬ ಮಾತುಗಳನ್ನು ಆಯೋಜಕರು ದಿನವೂ ಓದುತ್ತಾರೆ, ಓದಿ ಮರೆಯುತ್ತಾರೆ. ‘ಒಂದು ಮೇಜು, ಒಂದು ಮೈಕ್’ ನೆನಪಿಟ್ಟುಕೊಳ್ಳುತ್ತಾರೆ.

ವಿಡಿಯೋಗೂ ಇದೇ ಲೆಕ್ಕ. ಹಿನ್ನೆಲೆ ಸಂಗೀತ ಹಾಕಿ, ಕ್ಷಣಕ್ಕೊಂದು ದೃಶ್ಯ ಕತ್ತರಿಸಿ ಜೋಡಿಸಿದ ವಿಡಿಯೋ ನೋಡಲು ಚೆಂದ. ಆದರೆ ಜಾದೂ ಮಾಡುವವರ ಬಗ್ಗೆ ಅದು ಅನುಮಾನ ಹುಟ್ಟಿಸುತ್ತದೆ. ಕೈಚಳಕವೋ ಎಡಿಟಿಂಗೋ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಒಂದೇ ಐಟಂ, ಎಲ್ಲೂ ಕತ್ತರಿಸದೆ, ಜನರ ನಗು ಮತ್ತು ಚಪ್ಪಾಳೆಯ ನಿಜವಾದ ಶಬ್ದದೊಂದಿಗೆ ಒಂದೂವರೆ ನಿಮಿಷ ಇದ್ದರೆ ಸಾಕು. ಕ್ಯಾಮೆರಾ ನಿಮ್ಮ ಮೇಲೆ ಇದ್ದಷ್ಟೇ ಹೊತ್ತು ಪ್ರೇಕ್ಷಕರ ಮುಖದ ಮೇಲೂ ಇರಲಿ. ನಿಮ್ಮನ್ನು ಕರೆಸುವವರು ಕೊಳ್ಳುತ್ತಿರುವುದು ಆ ಮುಖಗಳನ್ನು.

ಇನ್ನು ಸಂಪರ್ಕದ ವಿಷಯ. ಇಲ್ಲಿ ಬಹಳ ಜನ ಕಲಾವಿದರು ಶ್ರಮ ಹಾಕುವ ಜಾಗವೇ ಬೇರೆ, ಕೆಲಸ ಬರುವ ಜಾಗವೇ ಬೇರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಒಂದು ಸರಳ ಪ್ರಶ್ನೆ ಕೇಳಿದ್ದನ್ನು ವಿವರಿಸಿದ್ದಾರೆ: ಕೆಲಸದ ಸುಳಿವು ಕೊಟ್ಟವರನ್ನು ಆ ದಿನಗಳಲ್ಲಿ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಎಂದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇ 55.6. ವರ್ಷಕ್ಕೊಮ್ಮೆ, ಅದೂ ಇಲ್ಲ ಎಂದವರು ಶೇ 27.8. ಗ್ರಾನೊವೆಟರ್ ಅವರ ವಿವರಣೆ ನಮ್ಮ ವೃತ್ತಿಗೂ ಹೊಂದುತ್ತದೆ. ಹತ್ತಿರದ ಗೆಳೆಯರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಇರುವುದು ಬೇರೆ ವಲಯದಲ್ಲಿ ಓಡಾಡುವ, ಮುಖಪರಿಚಯದವರ ಹತ್ತಿರ.

ನಮಗೆ ಅಂಥವರು ಯಾರು? ಸೌಂಡ್‌ನವರು, ಫೋಟೋಗ್ರಾಫರ್‌ಗಳು, ನಿರೂಪಕರು, ಡೆಕೊರೇಷನ್‌ನವರು, ಸಭಾಂಗಣದ ಮ್ಯಾನೇಜರ್. ನೀವು ಒಂದು ಸಮಾರಂಭಕ್ಕೆ ಹೋದರೆ ಅವರು ಹತ್ತಕ್ಕೆ ಹೋಗಿರುತ್ತಾರೆ. ‘ಯಾರಾದರೂ ಒಳ್ಳೆ ಜಾದೂಗಾರ ಇದ್ದಾರಾ?’ ಎಂದು ಆಯೋಜಕರು ಮೊದಲು ಕೇಳುವುದೇ ಇವರನ್ನು.

ಸೌಂಡ್‌ನವರನ್ನೇ ತೆಗೆದುಕೊಳ್ಳಿ. ಕಲಾವಿದರು ಕೊನೆಯ ಗಳಿಗೆಯಲ್ಲಿ ಪೆನ್‌ಡ್ರೈವ್ ಕೈಗೆ ತುರುಕಿ ‘ನಾನು ಕೈ ಎತ್ತಿದಾಗ ಹಾಕಿ’ ಎಂದು ವೇದಿಕೆ ಹತ್ತಿಬಿಡುತ್ತಾರೆ. ಹಾಡು ತಪ್ಪಿದರೆ ವೇದಿಕೆಯಿಂದಲೇ ಕಣ್ಣು ಕೆಂಪು ಮಾಡುತ್ತಾರೆ. ನೀವು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಮೊದಲ ಹಾಡು ಯಾವುದು, ಯಾವ ಮಾತಿಗೆ ಶುರುವಾಗಬೇಕು, ಯಾವಾಗ ನಿಧಾನವಾಗಿ ಇಳಿಸಬೇಕು, ಯಾವ ಕಡೆ ಪೂರ್ತಿ ಮೌನ. ಹಾಡಿನ ಫೈಲ್‌ಗಳಿಗೆ ಒಂದು, ಎರಡು, ಮೂರು ಎಂದೇ ಹೆಸರಿಡಿ. ಸೌಂಡ್‌ನವರ ಹೆಸರು ಕೇಳಿ, ಶೋ ಮುಗಿದಾಗ ಮೈಕ್‌ನಲ್ಲಿ ಅದೇ ಹೆಸರು ಹಿಡಿದು ಧನ್ಯವಾದ ಹೇಳಿ. ಹೀಗೆ ನಡೆದುಕೊಂಡರೆ ಆತ ನಿಮ್ಮನ್ನು ಮರೆಯುವುದಿಲ್ಲ. ಬೇಕೆಂದೇ ಮಾಡುವ ನಾಟಕ ಎನ್ನಿಸಿದರೆ ಅದೂ ಅವರಿಗೆ ತಿಳಿಯುತ್ತದೆ. ಆ ಕೆಲಸದ ಕಷ್ಟ ನಿಮಗೆ ನಿಜವಾಗಿ ಅರ್ಥವಾಗಿರಬೇಕು.

ನಿಮ್ಮಂತೆಯೇ ಜಾದೂ ಮಾಡುವ ಇತರರು ಪ್ರತಿಸ್ಪರ್ಧಿಗಳು ಎಂಬ ಭಾವನೆ ಇದ್ದರೆ ದಯವಿಟ್ಟು ಬಿಡಿ. ಒಂದೇ ದಿನಕ್ಕೆ ಎರಡು ಕಡೆಯಿಂದ ಕರೆ ಬಂದಾಗ ಒಂದನ್ನು ಯಾರಿಗಾದರೂ ಕೊಡಲೇಬೇಕು. ಆಗ ‘ನನಗೆ ಆಗೋದಿಲ್ಲ’ ಎಂದಷ್ಟೇ ಹೇಳಿ ಫೋನ್ ಇಡಬೇಡಿ. ನೀವು ಸ್ವತಃ ಶೋ ನೋಡಿ ಮೆಚ್ಚಿದ ಇಬ್ಬರ ಹೆಸರು, ಅವರನ್ನು ಒಂದು ಮಾತು ಕೇಳಿಕೊಂಡು, ಕೊಡಿ. ಆಯೋಜಕರಿಗೆ ನೀವು ದಾರಿ ತೋರಿಸಿದವರಾಗುತ್ತೀರಿ, ಆ ಇಬ್ಬರೂ ಇಂಥದ್ದೇ ಒಂದು ದಿನ ನಿಮ್ಮ ಹೆಸರು ಹೇಳುತ್ತಾರೆ. ನನಗೆ ಬಂದ ಒಳ್ಳೆಯ ಕಾರ್ಯಕ್ರಮಗಳಲ್ಲಿ ದೊಡ್ಡ ಪಾಲು ಇನ್ನೊಬ್ಬ ಜಾದೂಗಾರರ ಕೈದಾಟಿ ಬಂದಿದ್ದು.

ಒಂದು ಕಟ್ಟುಪಾಡು ಮಾತ್ರ ಎಂದೂ ಮುರಿಯಬೇಡಿ. ಏಜೆಂಟರೋ, ಇವೆಂಟ್ ಕಂಪನಿಯವರೋ ಕಳಿಸಿದ ಶೋ ಆಗಿದ್ದರೆ, ಅಲ್ಲಿ ಯಾರಾದರೂ ಬಂದು ‘ನಮ್ಮ ಮನೆ ಕಾರ್ಯಕ್ರಮಕ್ಕೂ ಬರ್ತೀರಾ, ನಂಬರ್ ಕೊಡಿ’ ಎಂದಾಗ, ಕಳಿಸಿದವರ ನಂಬರ್ ಕೊಡಿ, ನಿಮ್ಮದನ್ನಲ್ಲ. ಆ ವೇದಿಕೆ ಹುಡುಕಿದ್ದು ಅವರು. ಕಳ್ಳದಾರಿಯಲ್ಲಿ ನಂಬರ್ ಹಂಚಿದ ಸುದ್ದಿ ಏಜೆಂಟರ ಕಿವಿಗೆ ಬೀಳಲು ಹೆಚ್ಚು ದಿನ ಬೇಕಿಲ್ಲ, ಆಮೇಲೆ ಆ ಬಾಗಿಲು ಮುಚ್ಚಿದಂತೆಯೇ. ನೀವೇ ನೇರವಾಗಿ ಒಪ್ಪಿಕೊಂಡ ಶೋ ಆದರೆ ಸಂಕೋಚ ಬೇಡ. ಕಾರ್ಡ್ ಕೊಟ್ಟು ಸುಮ್ಮನಾಗದೆ ಅವರ ನಂಬರ್ ಕೇಳಿ ಪಡೆಯಿರಿ, ಯಾವ ಸಮಾರಂಭ, ಯಾವ ತಿಂಗಳು ಎಂಬುದನ್ನು ಹೆಸರಿನ ಜೊತೆಗೇ ಸೇವ್ ಮಾಡಿ. ಮರುದಿನ ಎರಡು ಸಾಲಿನ ಸಂದೇಶ ಹೋಗಲಿ. ಆ ತಿಂಗಳು ಹತ್ತಿರ ಬಂದಾಗ ಇನ್ನೊಂದು. ಅಷ್ಟಕ್ಕೆ ನಿಲ್ಲಿಸಿ, ದಿನವೂ ಶುಭೋದಯ ಕಳಿಸುವವರ ನಂಬರನ್ನು ಜನ ಬ್ಲಾಕ್ ಮಾಡುತ್ತಾರೆ.

ಸಾಮಾಜಿಕ ಜಾಲತಾಣಗಳ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ರೀಲ್ಸ್ ಹಾಕಿ, ಆದರೆ ವೈರಲ್ ಆಗುವುದನ್ನೇ ಗುರಿ ಮಾಡಿಕೊಳ್ಳಬೇಡಿ. ಜಾದೂಗಾರ ಪಿ. ಸಿ. ಸರ್ಕಾರ್ ಅವರ ಪ್ರಸಂಗ ನೋಡಿ. 1956ರ ಏಪ್ರಿಲ್ 9ರಂದು ಬಿಬಿಸಿ ಟಿವಿಯ ‘ಪನೋರಮಾ’ದಲ್ಲಿ ಅವರು ಸಹಾಯಕಿಯನ್ನು ಗರಗಸದಿಂದ ಕತ್ತರಿಸುವ ಐಟಂ ಮಾಡಿದರು. ಹುಡುಗಿ ಇನ್ನೂ ಏಳುವ ಮೊದಲೇ ನಿರೂಪಕರು ಕಾರ್ಯಕ್ರಮ ಮುಗಿಸಿಬಿಟ್ಟರು. ಅವಳು ಸತ್ತೇಹೋದಳೆಂದು ಗಾಬರಿಯಾದ ವೀಕ್ಷಕರು ಮಾಡಿದ ಕರೆಗಳಿಂದ ಬಿಬಿಸಿಯ ಫೋನ್‌ಗಳು ಬಿಡುವಿಲ್ಲದಂತಾದವು, ಮರುದಿನ ಪತ್ರಿಕೆಗಳಲ್ಲೂ ಅದೇ ಸುದ್ದಿ. ಈ ಕತೆ ಹೇಳುವವರೆಲ್ಲ ಗದ್ದಲದ ಬಗ್ಗೆಯೇ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು, ಸರ್ಕಾರ್ ಅವರಿಗೆ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ ಪ್ರದರ್ಶನಗಳು ನಿಗದಿಯಾಗಿದ್ದವು. ಬೆರಗಾದ ಜನರಿಗೆ ಹೋಗಲು ಒಂದು ಜಾಗವಿತ್ತು, ಕೊಳ್ಳಲು ಟಿಕೆಟ್ ಇತ್ತು. ನಿಮ್ಮ ರೀಲ್ ಲಕ್ಷ ಜನ ನೋಡಿದರೂ, ಪ್ರೊಫೈಲ್‌ನಲ್ಲಿ ನೀವು ಏನು ಮಾಡುತ್ತೀರಿ, ಎಂಥ ಸಮಾರಂಭಗಳಿಗೆ ಹೋಗುತ್ತೀರಿ, ಯಾರನ್ನು ಸಂಪರ್ಕಿಸಬೇಕು ಎಂಬುದು ಇಲ್ಲದಿದ್ದರೆ ನೋಡಿದವರು ನಕ್ಕು ಮುಂದೆ ಹೋಗುತ್ತಾರೆ.

ಕೊನೆಯದಾಗಿ ಪುಕ್ಕಟೆ ಶೋ. ‘ದುಡ್ಡು ಕೊಡಕ್ಕಾಗಲ್ಲ, ಆದರೆ ಒಳ್ಳೆ ಪ್ರಚಾರ ಸಿಗುತ್ತೆ’ ಎನ್ನುವವರಿಗೆ ಸಿಟ್ಟಾಗದೆ ಕೇಳಿ: ಯಾರು ಯಾರು ಬರುತ್ತಾರೆ? ಅವರಲ್ಲಿ ಕಾರ್ಯಕ್ರಮ ಆಯೋಜಿಸುವವರು ಇದ್ದಾರಾ, ನನ್ನನ್ನು ಅವರಿಗೆ ನೀವೇ ಪರಿಚಯಿಸುತ್ತೀರಾ? ನಿಮ್ಮ ಕ್ಯಾಮೆರಾದವರು ತೆಗೆದ ಪೂರ್ತಿ ವಿಡಿಯೋ ಕೊಡುತ್ತೀರಾ? ನಿಮ್ಮ ಸಂಸ್ಥೆಯ ಹಾಳೆಯಲ್ಲಿ ಎರಡು ಮಾತು ಬರೆದುಕೊಡುತ್ತೀರಾ? ನಿಜವಾಗಿ ಪ್ರಚಾರ ಕೊಡಬಲ್ಲವರು ಇವಕ್ಕೆಲ್ಲ ಸಲೀಸಾಗಿ ಹೂಂ ಎನ್ನುತ್ತಾರೆ, ಅಂಥ ಶೋ ಮಾಡಿ. ತಡವರಿಸಿದರೆ ನಯವಾಗಿ ಬೇಡವೆನ್ನಿ. ನಿಮಗೆ ಇಷ್ಟವಾದ ಒಳ್ಳೆಯ ಕೆಲಸಕ್ಕೆ, ಆಸ್ಪತ್ರೆಯ ಮಕ್ಕಳಿಗೋ ವೃದ್ಧಾಶ್ರಮಕ್ಕೋ, ಪ್ರಚಾರದ ಲೆಕ್ಕವಿಡದೆ ಮಾಡುವುದು ಬೇರೆಯೇ ವಿಷಯ. ಅದಕ್ಕೆ ವರ್ಷದಲ್ಲಿ ಎಷ್ಟು ದಿನ ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದರೆ ಉಳಿದವರಿಗೆ ಇಲ್ಲ ಎನ್ನಲು ನಿಮಗೂ ಕಷ್ಟವಾಗುವುದಿಲ್ಲ.