ದುಬೈಗೆ ಹೊರಡುವ ಮುನ್ನ ಔಷಧಿಯ ಚೀಲ ನೋಡಿಕೊಳ್ಳಿ

ಪ್ರಶ್ನೆ: ನನಗೆ 67 ವರ್ಷ. ಮುಂದಿನ ತಿಂಗಳು ಒಬ್ಬಳೇ ದುಬೈನಲ್ಲಿರುವ ಮಗನ ಮನೆಗೆ ಹೊರಟಿದ್ದೇನೆ. ಸಕ್ಕರೆ ಕಾಯಿಲೆಗೂ ಮಂಡಿನೋವಿಗೂ ದಿನವೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಸುರಕ್ಷತೆಗಾಗಿ ಏನೇನು ಸಿದ್ಧತೆ ಮಾಡಿಕೊಳ್ಳಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಮ್ಮಾ, ಮೊದಲು ಮಂಡಿನೋವಿನ ಮಾತ್ರೆಯಲ್ಲಿ ಯಾವ ಅಂಶವಿದೆಯೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ನಮ್ಮಲ್ಲಿ ವೈದ್ಯರು ಬರೆದುಕೊಡುವ ಟ್ರಮಡಾಲ್, ಕೊಡೀನ್‌ನಂತಹ ನೋವುನಿವಾರಕ ಔಷಧಿಗಳು ದುಬೈ ಸೇರಿರುವ ಯುಎಇ ದೇಶದಲ್ಲಿ ನಿಯಂತ್ರಿತ ಪಟ್ಟಿಯಲ್ಲಿರುವುದರಿಂದ, ಅಲ್ಲಿನ ಸರ್ಕಾರದಿಂದ ಆನ್‌ಲೈನ್ ಮೂಲಕ ಮುಂಚಿತವಾಗಿ ಅನುಮತಿ ಪಡೆಯದೆ ಅವುಗಳನ್ನು ಒಯ್ಯುವುದು ಕಾನೂನಿನ ತೊಡಕಿಗೆ ದಾರಿ ಮಾಡುತ್ತದೆ. ಈ ಅರ್ಜಿಯನ್ನು ಮಗನಿಂದಲೇ ಹಾಕಿಸುವುದು ಒಳ್ಳೆಯದು. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಮೂಲ ಸ್ಟ್ರಿಪ್ಪಿನಲ್ಲೇ ಇಟ್ಟು, ಇಂಗ್ಲಿಷಿನಲ್ಲಿರುವ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆ ತಡವಾಗಿ ಬಂದರೂ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಬಾರದು. ಮೊಮ್ಮಕ್ಕಳಿಗೆ ಪಾಯಸ ಮಾಡಿಕೊಡುವ ಆಸೆಯಿದ್ದರೂ ಗಸಗಸೆಯನ್ನು ದಯವಿಟ್ಟು ಒಯ್ಯಬೇಡಿ, ಅದು ಅಲ್ಲಿ ನಿಷಿದ್ಧ.

ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಅದರ ನಕಲನ್ನು ಬೇರೆಡೆ ಇಡಿ. ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು ದುಬೈನ ಭಾರತೀಯ ಕಾನ್ಸುಲೇಟನ್ನು ಸಂಪರ್ಕಿಸಬೇಕು. ಪ್ರಯಾಣ ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ಮಗನ ವಿಳಾಸ, ದೂರವಾಣಿ ಸಂಖ್ಯೆಯ ಜೊತೆಗೆ ಪೊಲೀಸ್ 999, ಆಂಬುಲೆನ್ಸ್ 998 ಎಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.