ಎಂಎಸ್ಸಿ ಸೈಕಾಲಜಿ ಮುಗಿದ ಕೂಡ್ಲೆ ಕ್ಲಿನಿಕ್ ಇಡಬಹುದಾ? ಈ ಕೋರ್ಸಲ್ಲಿ ನಿಜವಾಗಿ ಏನು ಕಲಿಸ್ತಾರೆ?

ದಾವಣಗೆರೆಲಿ ಬಿಎ ಕೊನೇ ವರ್ಷದಲ್ಲಿದ್ದೀನಿ, ಸೈಕಾಲಜಿ ಒಂದು ಮೇಜರ್, ಎಂಎಸ್ಸಿಗೆ ಹೋದ್ರೆ ಏನೇನು ಓದ್ಬೇಕು, ಸ್ಟ್ಯಾಟಿಸ್ಟಿಕ್ಸ್ ಅಂದ್ರೆ ಭಯ, ಮನೇಲಿ ಡಿಸ್ಟನ್ಸಲ್ಲಿ ಮಾಡು ಅಂತಿದಾರೆ, ಮುಗಿದ್ಮೇಲೆ ಸ್ವಂತ ಕ್ಲಿನಿಕ್ ಇಡಬಹುದಾ ಅಂತ ಕೇಳಿದೀರಿ. ನಾನು ಶಿವಮೊಗ್ಗ ಕಡೆಯವನು, ಮೈಸೂರು ಮಾನಸಗಂಗೋತ್ರಿಲಿ ಎಂಎಸ್ಸಿ ಮಾಡಿ ಆಮೇಲೆ ಎಂಫಿಲ್ ಮುಗಿಸಿ ಈಗ ಒಂದು ಆಸ್ಪತ್ರೇಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದೀನಿ, ನಮ್ಮ ಹತ್ರ ಎಂಎಸ್ಸಿ ಮಕ್ಕಳು ಪೋಸ್ಟಿಂಗಿಗೆ, ಅಂದ್ರೆ ಆಸ್ಪತ್ರೇಲಿ ಕೆಲಸ ಕಲಿಯೋಕೆ, ಬರ್ತಾರೆ, ಅವರಲ್ಲೂ ಸುಮಾರು ಜನ ಇದೇ ಪ್ರಶ್ನೆ ಕೇಳ್ತಾರೆ.

ಮೊದ್ಲು ಕ್ಲಿನಿಕ್ ವಿಷಯ. ಬರೀ ಎಂಎಸ್ಸಿ ಇಟ್ಕೊಂಡು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೇಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಯಾರು ಅಂತ ಬರೆದಿದಾರೆ, ಭಾರತೀಯ ಪುನರ್ವಸತಿ ಮಂಡಳಿ, ಅಂದ್ರೆ ನಾವೆಲ್ಲ ಆರ್‌ಸಿಐ ಅಂತೀವಲ್ಲ ಅದು, ಒಪ್ಪಿದ ಕ್ಲಿನಿಕಲ್ ಅರ್ಹತೆ ಇರಬೇಕು, ಅಥವಾ ಸೈಕಾಲಜಿ ಪಿಜಿ ಆದ್ಮೇಲೆ ಸೂಪರ್‌ವಿಷನ್ ಇರೋ ಎರಡು ವರ್ಷದ ಫುಲ್‌ಟೈಮ್ ಎಂಫಿಲ್ ಮಾಡಿರಬೇಕು. ಆಮೇಲೆ ಆರ್‌ಸಿಐ ರಿಜಿಸ್ಟರಲ್ಲಿ ಹೆಸರು ಬಂದು ನಂಬರ್ ಸಿಗಬೇಕು. ಹೆಸರಿಲ್ಲದೆ ಪ್ರಾಕ್ಟೀಸ್ ಮಾಡಿದ್ರೆ 1992ರ ಆರ್‌ಸಿಐ ಕಾಯ್ದೆ ಪ್ರಕಾರ ಒಂದು ವರ್ಷದವರೆಗೂ ಜೈಲು ಆಗಬಹುದು. ಕೌನ್ಸೆಲರ್ ಆಗಿ ಕೆಲಸ ಮಾಡೋದು ಬೇರೆ ದಾರಿ, ಅದನ್ನ ಮುಂದೆ ಹೇಳ್ತೀನಿ.

ಈ ಎಂಫಿಲ್ ಬಗ್ಗೆ ಒಂದು ಮಾತು ತಲೇಲಿಟ್ಕೊಳ್ಳಿ. ಯುಜಿಸಿ 2022ರಲ್ಲೇ ದೇಶದಲ್ಲಿ ಎಂಫಿಲ್ ಡಿಗ್ರೀನೇ ತೆಗೆದುಬಿಡ್ತು, ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕಿಗೂ ಮಾತ್ರ 2025-26ರ ತನಕ ಅವಕಾಶ ಕೊಟ್ಟಿತ್ತು. ಹಾಗಾಗಿ ನೀವು ಆ ಹಂತಕ್ಕೆ ಬರೋ ಹೊತ್ತಿಗೆ ಕೋರ್ಸಿನ ಹೆಸರು ಬೇರೆ ಇರಬಹುದು. ಸೀನಿಯರ್ಸ್ ಹೇಳಿದ್ದು, ಯೂಟ್ಯೂಬಲ್ಲಿ ನೋಡಿದ್ದು ನಂಬ್ಕೊಂಡು ಫೀಸ್ ಕಟ್ಟಬೇಡಿ, ಆ ವರ್ಷ ಆರ್‌ಸಿಐ ವೆಬ್‌ಸೈಟಲ್ಲಿ ಯಾವ ಕಾಲೇಜಿನ ಯಾವ ಕೋರ್ಸಿಗೆ ಅನುಮತಿ ಇದೆ ಅನ್ನೋ ಪಟ್ಟೀನ ನೀವೇ ತೆಗೆದು ನೋಡಿ. "ಕ್ಲಿನಿಕಲ್ ಸೈಕಾಲಜಿ" ಅಂತ ಹೆಸರಿರೋ ಎಂಎಸ್ಸಿಗಳು ಬೇಕಾದಷ್ಟಿವೆ, ಹೆಸರಿದ್ದ ಮಾತ್ರಕ್ಕೆ ಆರ್‌ಸಿಐ ನಂಬರ್ ಬರಲ್ಲ, ಇದು ಗೊತ್ತಿಲ್ಲದೆ ಲಕ್ಷಗಟ್ಟಲೆ ಸುರಿದವರನ್ನ ನೋಡಿ ತುಂಬ ಸಂಕಟ ಆಗತ್ತೆ ನಂಗೆ.

ಡಿಸ್ಟನ್ಸ್ ಅಂತೂ ಬೇಡ. ಮೊದ್ಲು ಎಷ್ಟೋ ಜನ ಹಾಗೆ ಮಾಡ್ತಿದ್ರು, ಆದ್ರೆ 2025ರಲ್ಲಿ ಯುಜಿಸಿ ಸೈಕಾಲಜಿಯನ್ನ ಆರೋಗ್ಯ ಸಂಬಂಧದ ಕೋರ್ಸುಗಳ ಜೊತೆ ಸೇರಿಸಿ, ದೂರಶಿಕ್ಷಣದಲ್ಲೂ ಆನ್‌ಲೈನಲ್ಲೂ ಹೊಸ ಅಡ್ಮಿಷನ್ ಮಾಡ್ಕೊಳ್ಳೋ ಹಾಗಿಲ್ಲ ಅಂತ ನಿಲ್ಲಿಸ್ತು. ಮನೆಯವರಿಗೆ ಇದನ್ನೇ ಹೇಳಿ. ಇದು ನನ್ನ ಪ್ರಕಾರ ಸರಿಯಾದ ತೀರ್ಮಾನ, ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗತ್ತೆ.

ಈಗ ಎಂಎಸ್ಸಿ ಒಳಗಡೆ. ಮೈಸೂರಲ್ಲಿ ಸೈಕಾಲಜಿ ಡಿಪಾರ್ಟ್‌ಮೆಂಟ್ ಶುರುವಾಗಿದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿ ಅವರು ಲಂಡನ್ನಲ್ಲಿ ಸ್ಪಿಯರ್‌ಮನ್ ಅನ್ನೋ ಹೆಸರಾಂತ ಮನಶ್ಶಾಸ್ತ್ರಜ್ಞರ ಹತ್ರ ಕಲಿತು ಬಂದು ಕಟ್ಟಿದ್ದು. ಇವತ್ತು ಯಾವ ಯೂನಿವರ್ಸಿಟಿಗೆ ಹೋದ್ರೂ ಕೋರ್ಸಿನ ಬೆನ್ನುಮೂಳೆ ಹೆಚ್ಚುಕಮ್ಮಿ ಒಂದೇ, ಕಲಿಕೆ ನೆನಪು ಗಮನ ಇವುಗಳ ಕಾಗ್ನಿಟಿವ್ ಸೈಕಾಲಜಿ, ಮೆದುಳು ನರಗಳ ಬಯೋಸೈಕಾಲಜಿ, ಪರ್ಸನಾಲಿಟಿ ಥಿಯರಿ, ಸೋಶಿಯಲ್, ಡೆವಲಪ್‌ಮೆಂಟಲ್, ಮಾನಸಿಕ ಕಾಯಿಲೆಗಳ ಬಗ್ಗೆ ಸೈಕೋಪೆಥಾಲಜಿ, ಆಮೇಲೆ ಸ್ಪೆಷಲೈಸೇಷನ್, ಕೊನೆಗೊಂದು ಡೆಸರ್ಟೇಷನ್, ಅಂದ್ರೆ ಸಂಶೋಧನಾ ಪ್ರಬಂಧ. ಥಿಯರಿ ಪೇಪರ್ ಓದ್ಕೊಂಡು ಪಾಸಾಗಬಹುದು, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ. ಮನುಷ್ಯನನ್ನ ತಯಾರು ಮಾಡೋದು ಸ್ಟ್ಯಾಟಿಸ್ಟಿಕ್ಸ್, ಟೆಸ್ಟಿಂಗು, ಮತ್ತೆ ಕೇಸ್ ಹಿಸ್ಟರಿ.

ಸ್ಟ್ಯಾಟಿಸ್ಟಿಕ್ಸನ್ನ ಹೇಗಾದ್ರೂ ದಾಟ್ಕೊಂಡ್ರೆ ಸಾಕು ಅಂತ ದಯವಿಟ್ಟು ಅಂದ್ಕೋಬೇಡಿ. ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. ಒಂದು ಮಗು ಐಕ್ಯೂ ಟೆಸ್ಟಲ್ಲಿ 70 ತಗೊಂಡಿದೆ ಅಂದ್ಕೊಳ್ಳಿ. ಟೆಸ್ಟಿನ ಸರಾಸರಿ 100, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನೋದು) 15, ರಿಲಯಬಿಲಿಟಿ (ಟೆಸ್ಟಿನ ಅಂಕ ಎಷ್ಟು ನಂಬಬಹುದು ಅನ್ನೋದು) 0.91. 1ರಲ್ಲಿ 0.91 ಕಳೆದ್ರೆ 0.09, ಅದರ ವರ್ಗಮೂಲ 0.3, 15ರಿಂದ ಗುಣಿಸಿದ್ರೆ 4.5. ಇದಕ್ಕೆ ಸ್ಟ್ಯಾಂಡರ್ಡ್ ಎರರ್ ಆಫ್ ಮೆಷರ್‌ಮೆಂಟ್ ಅಂತಾರೆ. ಇದರ ಎರಡರಷ್ಟು ಹಿಂದಕ್ಕೂ ಮುಂದಕ್ಕೂ ಇಟ್ರೆ ಆ ಮಗುವಿನ ನಿಜವಾದ ಮಟ್ಟ 61ರಿಂದ 79ರ ಒಳಗಿದೆ ಅಂತ ಹೆಚ್ಚುಕಮ್ಮಿ ಭರವಸೆಯಿಂದ ಹೇಳಬಹುದು, ಅಷ್ಟೇ. ಈಗ ಮಗುವಿಗೆ ಬೌದ್ಧಿಕ ಅಸಾಮರ್ಥ್ಯ ಇದೆಯಾ ಅಂತ ನೋಡೋಕೆ ಇಟ್ಕೊಳ್ಳೋ 70 ಅನ್ನೋ ಗೆರೆ ಮೇಲೆ ಒಂದು ಸರ್ಟಿಫಿಕೇಟು, ಒಂದು ಪಿಂಚಣಿ, ಸ್ಕೂಲಲ್ಲಿ ಸಿಗೋ ರಿಯಾಯ್ತಿ ಎಲ್ಲ ನಿಂತಿರತ್ತೆ. ಬರೀ ನಂಬರ್ ಬರೆದು ಸೈನ್ ಹಾಕೋನಿಗೂ, ಮಗುವಿನ ದಿನದ ಬದುಕು ಹೇಗಿದೆ, ತಾನೇ ಊಟ ಮಾಡತ್ತಾ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸ್ಕೊಂಡು ಬರತ್ತಾ ಅಂತ ಕೇಳಿ ವೈನ್‌ಲ್ಯಾಂಡ್ ಸ್ಕೇಲ್ ಹಾಕಿ ಎರಡನ್ನೂ ಸೇರಿಸಿ ರಿಪೋರ್ಟ್ ಬರೆಯೋನಿಗೂ ಇರೋ ವ್ಯತ್ಯಾಸ ಈ ಸಣ್ಣ ಲೆಕ್ಕದಲ್ಲಿದೆ.

ನಾರ್ಮ್ಸ್, ಅಂದ್ರೆ ಅಂಕವನ್ನ ಯಾವ ಗುಂಪಿನ ಜೊತೆ ಹೋಲಿಸ್ತೀವೋ ಆ ಮಾನದಂಡ, ಅದರ ವಿಷಯಾನೂ ಅಷ್ಟೇ. ಬುದ್ಧಿಮಟ್ಟ ಅಳೆಯೋಕೆ ಬಿನೆ-ಕಾಮತ್ ಟೆಸ್ಟ್ ಅಂತ ಒಂದಿದೆ, ನಿಮ್ಗೂ ಪ್ರಾಕ್ಟಿಕಲ್ಲಲ್ಲಿ ಬರಬಹುದು, ವಿ.ವಿ. ಕಾಮತ್ ಅವರು ಬಿನೆ ಸ್ಕೇಲನ್ನ ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿ 1934ರಲ್ಲೇ ಅದರ ಬಗ್ಗೆ ಪ್ರಕಟಿಸಿದ್ರು. ಆ ಕಾಲಕ್ಕೆ ಅದು ಬಹಳ ದೊಡ್ಡ ಕೆಲಸ, ನಮ್ಮ ಮಕ್ಕಳನ್ನ ನಮ್ಮ ಮಕ್ಕಳ ಜೊತೇಲೇ ಹೋಲಿಸಿ ಅಳೀಬೇಕು ಅಂತ ಅವರು ಅವತ್ತೇ ಯೋಚಿಸಿದ್ರು. ಆದ್ರೆ ಪೀಳಿಗೆಯಿಂದ ಪೀಳಿಗೆಗೆ ಇಂಥ ಟೆಸ್ಟಿನ ಅಂಕ ಏರ್ತಾ ಬಂದಿದೆ, ಫ್ಲಿನ್ ಎಫೆಕ್ಟ್ ಅಂತಾರೆ, ಹಾಗಾಗಿ ಹಳೇ ನಾರ್ಮ್ಸಿಗೆ ಹೋಲಿಸಿದ್ರೆ ಇವತ್ತಿನ ಮಗುವಿಗೆ ಇರೋದಕ್ಕಿಂತ ಜಾಸ್ತಿ ಅಂಕ ಬರತ್ತೆ, ಸಹಾಯ ಬೇಕಾಗಿರೋ ಮಗು ಪಟ್ಟಿಯಿಂದ ಆಚೆ ಉಳಿಯತ್ತೆ. ಯಾವ ಟೆಸ್ಟ್ ಎತ್ಕೊಂಡ್ರೂ ಇದು ಯಾರ ಮೇಲೆ, ಯಾವಾಗ ತಯಾರಾಗಿದ್ದು ಅಂತ ಮ್ಯಾನುಯಲ್ ತೆಗೆದು ನೋಡೋ ಅಭ್ಯಾಸ ಈಗ್ಲೇ ಮಾಡ್ಕೊಳ್ಳಿ. ಲೆಕ್ಕ ಬರಲ್ಲ ಅನ್ನೋ ಹೆದರಿಕೆ ಬೇಡ, ಪಿಯುಸಿಲಿ ಆರ್ಟ್ಸ್ ಓದಿದವರೂ ಚೆನ್ನಾಗೇ ಕಲೀತಾರೆ, ಕಂಪ್ಯೂಟರಲ್ಲಿ ಜಮೋವಿ ಅಂತ ಉಚಿತ ಸಾಫ್ಟ್‌ವೇರ್ ಇದೆ, ಆದ್ರೆ ಮೊದಲನೇ ಸೆಮಿಸ್ಟರಲ್ಲಿ ಮೀನ್ (ಸರಾಸರಿ), ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್), ಎರಡು ಗುಂಪಿನ ಸರಾಸರಿ ಹೋಲಿಸೋ ಟಿ ಟೆಸ್ಟ್, ಎರಡು ಅಳತೆಗಳ ನಂಟು ನೋಡೋ ಕೋರಿಲೇಷನ್ ಇಷ್ಟನ್ನ ಪೇಪರ್ ಪೆನ್ನಲ್ಲೇ ಮಾಡಿ.

ಇನ್ನು ಕೇಸ್ ಹಿಸ್ಟರಿ ಮತ್ತೆ ಎಂಎಸ್‌ಇ, ಅಂದ್ರೆ ಮೆಂಟಲ್ ಸ್ಟೇಟಸ್ ಎಕ್ಸಾಮಿನೇಷನ್. ಎದುರಿಗೆ ಕೂತಿರೋರ ಮಾತು, ನಡವಳಿಕೆ, ಭಾವನೆ, ಯೋಚನೆ, ನೆನಪು ಎಲ್ಲ ಒಂದು ಕ್ರಮದಲ್ಲಿ ನೋಡಿ ಬರೆಯೋದು. ಗಮನ ಪರೀಕ್ಷೆ ಮಾಡೋಕೆ 100ರಿಂದ ಏಳೇಳು ಕಳೀತಾ ಹೋಗಿ ಅಂತ ಕೇಳ್ತಾರೆ, ಕಷ್ಟ ಆದ್ರೆ 40ರಿಂದ ಮೂರ್ಮೂರು, ಅದೂ ಆಗ್ದಿದ್ರೆ 20ರಿಂದ ಒಂದೊಂದು. ಯೋಚನೆಯ ಆಳ ನೋಡೋಕೆ ಗಾದೆಗೆ ಅರ್ಥ ಕೇಳ್ತಾರೆ. ನಮ್ಮ ಟ್ರೇನಿಂಗಲ್ಲಿ ಒಬ್ಬ ವಯಸ್ಸಾದ ರೈತರು ಬಂದಿದ್ರು, 100ರಲ್ಲಿ ಏಳು ಅಂತ ಕೇಳಿದ್ರೆ ಸುಮ್ನೆ ಮುಖ ನೋಡ್ತಿದ್ರು. ಪಕ್ಕದಲ್ಲಿ ಕೂತಿದ್ದ ಸೂಪರ್‌ವೈಸರ್ ಮೇಡಂ ಕುರ್ಚಿ ಸ್ವಲ್ಪ ಮುಂದೆ ಎಳ್ಕೊಂಡು, "ಅಜ್ಜಾ, ಮಂಡಿಗೆ ಆರು ಚೀಲ ಜೋಳ ಹಾಕಿದ್ರಿ, ಚೀಲಕ್ಕೆ ಎಂಟು ರೂಪಾಯಿ ಹಮಾಲಿ, ನೂರರ ನೋಟು ಕೊಟ್ರೆ ವಾಪಸ್ ಎಷ್ಟು ಬರ್ಬೇಕು" ಅಂದ್ರು. "ಐವತ್ತೆರಡು" ಅಂತ ತಟ್ಟನೆ ಬಂತು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂದ್ರೇನು ಅಂತ ಕೇಳಿದಾಗ್ಲೂ, "ಸಾಲ ಮಾಡ್ಬೇಡ ಅಂತ" ಅಂದ್ರು. ಗಮನ ಸರಿಯಾಗಿದೆ, ಯೋಚನೆ ಸರಿಯಾಗಿದೆ, ಶಾಲೆಗೆ ಹೋಗಿಲ್ಲ ಅಷ್ಟೇ. ಆ ಎರಡು ಪ್ರಶ್ನೆ ಕೇಳದೆ ಇದ್ದಿದ್ರೆ ಗಮನ ಕುಂದಿದೆ ಅಂತ ಫೈಲಲ್ಲಿ ಬರೀತಿದ್ವಿ, ಮುಂದಿನ ಡಾಕ್ಟ್ರು ಅದನ್ನೇ ನಂಬಿ ಮುಂದಕ್ಕೆ ಹೋಗ್ತಿದ್ರು. ಇಂಥದ್ದನ್ನ ವಿಡಿಯೋ ನೋಡಿ ಕಲಿಯೋಕಾಗಲ್ಲ, ಗೊತ್ತಿರೋರು ಪಕ್ಕದಲ್ಲಿ ಕೂತಿರಬೇಕು, ಡಿಸ್ಟನ್ಸ್ ಬೇಡ ಅಂದಿದ್ದು ಇದಕ್ಕೇ.

ಎಂಎಸ್ಸಿಲಿ ಇದು ಸ್ವಲ್ಪ ರುಚಿ ತೋರಿಸ್ತಾರೆ, ಪೂರ್ತಿ ಬಡಿಸೋದು ಆಮೇಲಿನ ಎರಡು ವರ್ಷದಲ್ಲಿ. ಇಲ್ಲಿವರೆಗಿನ ಎಂಫಿಲ್ ಸಿಲೆಬಸ್ ಪ್ರಕಾರ ಮೊದಲನೇ ವರ್ಷ ಮನೋಸಾಮಾಜಿಕ ತಳಹದಿ, ಸ್ಟ್ಯಾಟಿಸ್ಟಿಕ್ಸ್ ಮತ್ತು ಸಂಶೋಧನಾ ವಿಧಾನ, ಸೈಕಿಯಾಟ್ರಿ, ಜೊತೆಗೆ ಟೆಸ್ಟ್ ಮಾಡಿ ಸಮಸ್ಯೆ ಗುರುತಿಸಿ ಬರೆಯೋ ಐದು ಪೂರ್ಣ ಸೈಕೋಡಯಾಗ್ನೋಸ್ಟಿಕ್ ರಿಪೋರ್ಟ್. ಎರಡನೇ ವರ್ಷ ಮೆದುಳಿನ ತಳಹದಿ, ಸೈಕೋಥೆರಪಿ ಮತ್ತು ಕೌನ್ಸೆಲಿಂಗ್, ಬಿಹೇವಿಯರಲ್ ಮೆಡಿಸಿನ್, ಐದು ಥೆರಪಿ ರೆಕಾರ್ಡ್, ಡೆಸರ್ಟೇಷನ್. ಕಾಗದದ ಮೇಲೆ ಚಿಕ್ಕದಾಗಿ ಕಾಣತ್ತೆ, ಆದ್ರೆ ಬೆಳಿಗ್ಗೆ ಓಪಿಡಿ, ಮಧ್ಯಾಹ್ನ ವಾರ್ಡು, ಸಂಜೆ ಸೂಪರ್‌ವಿಷನ್, ರಾತ್ರಿ ಸೆಷನ್ನಲ್ಲಿ ಆಡಿದ ಮಾತನ್ನ ನೆನಪಿಸ್ಕೊಂಡು ಬರೆಯೋದು, ಮಾರನೇ ದಿನ "ಅವರು ಅತ್ತಾಗ ನೀನ್ಯಾಕೆ ವಿಷಯ ಬದಲಿಸ್ದೆ" ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋದು. ನಂಗೆ ಇಡೀ ಓದಲ್ಲಿ ಅತಿ ಬೆಲೆಬಾಳೋದು ಅಂತ ಅನ್ನಿಸೋದು ಆ ಪ್ರಶ್ನೆಗಳೇ. ಕರ್ನಾಟಕದಲ್ಲಿ ಈ ತರಬೇತಿಗೆ ಹೆಸರಾದ ಜಾಗ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆ ನಿಮ್ಹಾನ್ಸ್, ಅದರ ಮೂಲ ಸಂಸ್ಥೆ ಬೆಂಗಳೂರಲ್ಲಿ 1954ರಲ್ಲಿ ಶುರುವಾದಾಗಿಂದ್ಲೇ ಆಸ್ಪತ್ರೆ ಒಳಗೇ ಸೈಕಾಲಜಿ ಕಲಿಸೋ ಪದ್ಧತಿ ಬೆಳೀತಾ ಬಂತು, ಧಾರವಾಡದ ಡಿಮ್ಹಾನ್ಸು, ಮಣಿಪಾಲಾನೂ ಇವೆ. ಎಂಟ್ರೆನ್ಸ್ ಕಠಿಣ, ಸೀಟು ಕಮ್ಮಿ, ಎಂಎಸ್ಸಿಲಿ 55% ಕೇಳ್ತಾ ಬಂದಿದಾರೆ, ಮೊದಲನೇ ಸಲ ಸಿಗದೆ ಇರೋದು ಸಾಮಾನ್ಯ.

ಆ ದಾರಿ ಬೇಡ ಅಂದ್ರೆ ಎಂಎಸ್ಸಿ ಮೇಲೇನೇ ಸ್ಕೂಲ್ ಕೌನ್ಸೆಲರ್, ಎನ್‌ಜಿಒ, ಕಂಪನಿಗಳ ಎಚ್‌ಆರ್, ಸಂಶೋಧನಾ ಪ್ರಾಜೆಕ್ಟು, 2022ರ ಅಕ್ಟೋಬರಲ್ಲಿ ಶುರುವಾದ 14416 ಟೆಲಿ ಮಾನಸ್ ಸಹಾಯವಾಣಿಯಂಥ ಕಡೆ ಕೆಲಸ ಹುಡುಕಬಹುದು. ಇವೂ ಗೌರವದ ಕೆಲಸಗಳೇ. ಕೌನ್ಸೆಲರ್‌ಗಳಿಗೂ ಒಂದು ನಿಯಮ ಚೌಕಟ್ಟು ಬರ್ಲಿ ಅಂತ 2021ರ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೇಲಿ ಸೈಕಾಲಜಿಸ್ಟ್‌ಗಳನ್ನೂ ಸೇರಿಸಿದಾರೆ, ಅದರ ಸುದ್ದಿ ನೋಡ್ತಾ ಇರಿ. ಕ್ಲಿನಿಕಲ್ ಮಾಡಿದವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಹುದ್ದೆ ಇರತ್ತೆ, ಅಂದ ಹಾಗೆ ಆ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರೀಲಿ, 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿದ ಮೇಲೆ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಗಿ ಶುರುವಾಗಿ ನಿಧಾನಕ್ಕೆ ದೇಶದ ಬೇರೆ ಜಿಲ್ಲೆಗಳಿಗೂ ಹಬ್ಬಿತು.

ಕನ್ನಡ ಮೀಡಿಯಂ ಅಂತ ಹಿಂಜರೀಬೇಡಿ. ಪುಸ್ತಕ ಇಂಗ್ಲಿಷಲ್ಲಿರತ್ತೆ, ಮೊದ್ಲು ಮೂರ್ನಾಲ್ಕು ತಿಂಗಳು ಒದ್ದಾಟ ಇದ್ದೇ ಇರತ್ತೆ, ಆದ್ರೆ ಓಪಿಡಿಲಿ ಹರಿಹರದಿಂದ, ಹರಪನಹಳ್ಳಿಯಿಂದ ಬಂದವರ ಎದುರು ಕೂತಾಗ ನಿಮ್ಮಷ್ಟು ಸಲೀಸಾಗಿ ಮಾತಾಡಿಸೋರು ಕ್ಲಾಸಲ್ಲಿ ಕಮ್ಮಿ ಇರ್ತಾರೆ.

ಕಾಲೇಜು ಆರಿಸೋ ಮೊದ್ಲು ಒಂದು ದಿನ ಹೋಗಿ ಎರಡನೇ ವರ್ಷದವರನ್ನ ಕ್ಯಾಂಟೀನಲ್ಲಿ ಹಿಡಿದು ಕೇಳಿ. ಪೋಸ್ಟಿಂಗ್ ಯಾವ ಆಸ್ಪತ್ರೇಲಿ, ನಿಜವಾಗಿ ಪೇಷೆಂಟ್ ಜೊತೆ ಕೂರಿಸ್ತಾರಾ ಇಲ್ಲ ಗೋಡೆ ಪಕ್ಕ ನಿಲ್ಲಿಸ್ತಾರಾ, ಬರೆದ ಕೇಸನ್ನ ಮೇಷ್ಟ್ರು ಓದಿ ಕೆಂಪು ಇಂಕಲ್ಲಿ ತಿದ್ದಿ ಕೊಡ್ತಾರಾ, ಟೆಸ್ಟ್ ಮೆಟೀರಿಯಲ್ ಬೀರುವಿಂದ ಆಚೆ ಬರತ್ತಾ, ಡೆಸರ್ಟೇಷನ್ ಡೇಟಾ ಮಕ್ಕಳೇ ಹೋಗಿ ತರ್ತಾರಾ. ಬಿಲ್ಡಿಂಗು ಎಸಿ ನೋಡ್ಬೇಡಿ, ತಿದ್ದಿದ ರೆಕಾರ್ಡ್ ಬುಕ್ ಒಂದನ್ನ ತೋರಿಸಿ ಅಂತ ಕೇಳಿ, ಅದರಲ್ಲಿ ಬರೀ ಟಿಕ್ ಮಾರ್ಕ್ ಸೈನ್ ಇದ್ರೆ ಬೇರೆ ಕಾಲೇಜು ನೋಡಿ.