ಫ್ಯಾಬ್ರಿಕ್ ನೋಟ್‌ಬುಕ್‌ನಲ್ಲಿ ಸೆಷನ್ ಶುರುವಾಗಲು ನಾಲ್ಕೈದು ನಿಮಿಷ ಹಿಡಿಯುವುದೇಕೆ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಬ್ಯಾಡಗಿ ಮತ್ತು ಹುಬ್ಬಳ್ಳಿ ಎಪಿಎಂಸಿಗಳ ಒಣಮೆಣಸಿನಕಾಯಿಯ ಆವಕ ಹಾಗೂ ಧಾರಣೆಯ ದಿನವಹಿ ಲೆಕ್ಕವನ್ನು ಮೈಕ್ರೋಸಾಫ್ಟ್ ಫ್ಯಾಬ್ರಿಕ್ ಎಂಬ ಕ್ಲೌಡ್ ದತ್ತಾಂಶ ಸೇವೆಯ ಸ್ಪಾರ್ಕ್ ನೋಟ್‌ಬುಕ್‌ಗಳಲ್ಲಿ (ಹಲವು ಯಂತ್ರಗಳ ಮೇಲೆ ಒಟ್ಟಿಗೆ ಲೆಕ್ಕ ಮಾಡುವ ಸ್ಪಾರ್ಕ್ ತಂತ್ರಾಂಶಕ್ಕೆ ಕೋಡ್ ಬರೆದು ಓಡಿಸುವ ಪುಟಗಳಲ್ಲಿ) ಜೋಡಿಸುತ್ತಿದ್ದೀರಿ; ಮೊದಲು ಕೆಲವೇ ಸೆಕೆಂಡುಗಳಲ್ಲಿ ತೆರೆಯುತ್ತಿದ್ದ ಸೆಷನ್ (ಕೋಡ್ ಓಡಿಸಲು ಯಂತ್ರದೊಂದಿಗೆ ಏರ್ಪಡುವ ಸಂಪರ್ಕ) ಈಗ ನಾಲ್ಕೈದು ನಿಮಿಷ ಹಿಡಿಯುತ್ತಿದೆ; ಗದಗಿನ ನಿಮ್ಮ ಕಚೇರಿಯ ಬ್ರಾಡ್‌ಬ್ಯಾಂಡ್ ಇದಕ್ಕೆ ಕಾರಣವೇ, ಅಥವಾ ದೊಡ್ಡ ಕೆಪಾಸಿಟಿ (ಹಣ ಕೊಟ್ಟು ಪಡೆಯುವ ಗಣನ ಸಾಮರ್ಥ್ಯ) ಕೊಳ್ಳಬೇಕೇ ಎಂದು ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ಕುಳಿತು ನಾನೂ ಇದೇ ಕೆಲಸ ಮಾಡುತ್ತೇನೆ. ನನ್ನ ಅಭಿಪ್ರಾಯದಲ್ಲಿ ಕಾರಣ ಇವೆರಡೂ ಅಲ್ಲ. ಹಣ ಖರ್ಚು ಮಾಡುವ ಮುನ್ನ ದಯವಿಟ್ಟು ಕೆಳಗಿನದನ್ನು ಪರಿಶೀಲಿಸಿ.

ಮೊದಲು ಸಮಯ ಎಲ್ಲಿ ಹೋಗುತ್ತಿದೆ ಎಂಬುದನ್ನು ಅಳೆಯಬೇಕು. ಹೊಸ ನೋಟ್‌ಬುಕ್ ತೆರೆದು, ಒಂದಕ್ಕೆ ಒಂದು ಕೂಡಿಸುವಂಥ ಒಂದೇ ಸಾಲನ್ನು ಬರೆದು ಓಡಿಸಿ. ಸೆಲ್‌ನ (ಕೋಡ್ ಬರೆಯುವ ಚೌಕದ) ಕೆಳಗೆ ಸಣ್ಣ ಅಕ್ಷರಗಳಲ್ಲಿ ಎರಡು ಅಂಕಿಗಳು ಕಾಣುತ್ತವೆ: ಸೆಷನ್ ಸಿದ್ಧವಾಗಲು ಹಿಡಿದ ಸಮಯ ಒಂದು, ಕಮಾಂಡ್ ಓಡಲು ಹಿಡಿದ ಸಮಯ ಇನ್ನೊಂದು. ಮೊದಲನೆಯದು ದೊಡ್ಡದಾಗಿದ್ದರೆ ನಿಮ್ಮ ಕೋಡ್‌ನಲ್ಲಿ ದೋಷ ಹುಡುಕುವುದು ವ್ಯರ್ಥ. ಬ್ರಾಡ್‌ಬ್ಯಾಂಡಿನ ಅನುಮಾನವನ್ನೂ ಇಲ್ಲಿಯೇ ಕೈಬಿಡಬಹುದು. ನಿಮ್ಮ ಕೆಪಾಸಿಟಿ ಸೆಂಟ್ರಲ್ ಇಂಡಿಯಾ ವಲಯದಲ್ಲಿದ್ದರೆ ಅದರ ಯಂತ್ರಗಳಿರುವುದು ಪುಣೆಯಲ್ಲಿ. ಗದಗಿನಿಂದ ಅಲ್ಲಿಗೆ ಹೋಗಿ ಬರುವ ವಿಳಂಬವನ್ನು ಮಿಲಿಸೆಕೆಂಡುಗಳಲ್ಲಿ ಎಣಿಸುತ್ತಾರೆ, ನಿಮಿಷಗಳಲ್ಲಿ ಅಲ್ಲ.

ಈಗ ಮೂಲ ಕಾರಣಕ್ಕೆ ಬರೋಣ. ಫ್ಯಾಬ್ರಿಕ್ ತನ್ನ ಸ್ಟಾರ್ಟರ್ ಪೂಲ್‌ಗಳಲ್ಲಿ ಸ್ಪಾರ್ಕ್ ಯಂತ್ರಗಳನ್ನು ಮುಂಚಿತವಾಗಿಯೇ ಚಾಲೂ ಮಾಡಿ ಇಟ್ಟಿರುತ್ತದೆ. ನಿಮ್ಮ ಕೋರಿಕೆಗೆ ಆ ಸಿದ್ಧ ಯಂತ್ರ ಹೊಂದಿಕೊಂಡರೆ ಸೆಷನ್ ಸಾಮಾನ್ಯವಾಗಿ 5ರಿಂದ 10 ಸೆಕೆಂಡುಗಳಲ್ಲಿ ಕೈಗೆ ಬರುತ್ತದೆ; ಹೊಂದಿಕೊಳ್ಳದಿದ್ದರೆ ಹೊಸ ಕ್ಲಸ್ಟರನ್ನೇ (ಯಂತ್ರಗಳ ಗುಂಪನ್ನೇ) ಕಟ್ಟಬೇಕಾಗುತ್ತದೆ. ಖಾನಾವಳಿಯಲ್ಲಿ ಮಾಡಿಟ್ಟ ಕಡಕ್ ರೊಟ್ಟಿಯನ್ನು ಬಡಿಸುವುದಕ್ಕೂ, ಬಿಸಿ ರೊಟ್ಟಿಯೇ ಬೇಕೆಂದವರಿಗೆ ಹಿಟ್ಟು ನಾದಿ ಬಡಿಯುವುದಕ್ಕೂ ಇರುವ ಅಂತರ ಇದು. ಆದ್ದರಿಂದ ನೀವು ಹುಡುಕಬೇಕಾದದ್ದು, ನಿಮ್ಮ ನೋಟ್‌ಬುಕ್ಕನ್ನು ಸಿದ್ಧ ಯಂತ್ರದಿಂದ ದೂರ ಮಾಡಿದ ಬದಲಾವಣೆ ಯಾವುದು ಎಂಬುದನ್ನು. ಮೊದಲು ಬೇಗ ತೆರೆಯುತ್ತಿತ್ತು ಎಂದು ನೀವೇ ಹೇಳಿರುವುದರಿಂದ ಅಂಥ ಬದಲಾವಣೆಯೊಂದು ಆಗಿರುವ ಸಾಧ್ಯತೆಯೇ ಹೆಚ್ಚು.

ಹೆಚ್ಚಾಗಿ ಅದು ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ನೋಟ್‌ಬುಕ್‌ಗೆ ಬೇಕಾದ ಲೈಬ್ರರಿಗಳ (ಸಿದ್ಧ ಕೋಡ್ ಸಂಗ್ರಹಗಳ) ಮತ್ತು ಸ್ಪಾರ್ಕ್ ಸೆಟ್ಟಿಂಗ್‌ಗಳ ಕಟ್ಟಿನಲ್ಲಿ, ಅಡಗಿರುತ್ತದೆ. ವರ್ಕ್‌ಸ್ಪೇಸ್‌ಗೆ (ನಿಮ್ಮ ತಂಡದ ನೋಟ್‌ಬುಕ್‌ಗಳೆಲ್ಲ ಇರುವ ಜಾಗಕ್ಕೆ) ಯಾರಾದರೂ ಒಂದು ಎನ್ವಿರಾನ್‌ಮೆಂಟ್ ಮಾಡಿ, ಅದರಲ್ಲಿ ಲೈಬ್ರರಿಗಳನ್ನು ಸೇರಿಸಿ, ಎಲ್ಲ ನೋಟ್‌ಬುಕ್‌ಗಳಿಗೂ ಅದನ್ನೇ ಡಿಫಾಲ್ಟ್ ಎಂದು ಗೊತ್ತುಪಡಿಸಿದರೆ, ಆ ಲೈಬ್ರರಿ ಬೇಡದ ನೋಟ್‌ಬುಕ್ ಕೂಡ ಅದರ ಹೊರೆಯನ್ನು ಹೊರುತ್ತದೆ. ಇಂಥ ಲೈಬ್ರರಿ ಹಾಗೂ ವಿಶೇಷ ಸ್ಪಾರ್ಕ್ ಸೆಟ್ಟಿಂಗ್‌ಗಳ ಜೋಡಣೆಗೆ 30 ಸೆಕೆಂಡಿನಿಂದ 5 ನಿಮಿಷದವರೆಗೆ ಹೆಚ್ಚುವರಿ ಸಮಯ ಬೇಕಾಗುತ್ತದೆ. ಒಂದೆರಡು ನೋಟ್‌ಬುಕ್‌ಗಳಿಗೆ ಮಾತ್ರ ಬೇಕಾದ ಲೈಬ್ರರಿಯನ್ನು ಎನ್ವಿರಾನ್‌ಮೆಂಟ್‌ನಿಂದ ತೆಗೆದು, ಆಯಾ ನೋಟ್‌ಬುಕ್‌ನ ಮೊದಲ ಸೆಲ್‌ನಲ್ಲಿ ಪಿಪ್ ಎಂಬ ಪೈಥಾನ್ ಲೈಬ್ರರಿ ಅಳವಡಿಸುವ ಸಾಧನದ ಮೂಲಕ ಹಾಕಿಕೊಳ್ಳುವುದು ಮೇಲು; ಅದು ಆ ಸೆಷನ್‌ಗಷ್ಟೇ ಉಳಿಯುತ್ತದೆ, ಉಳಿದವರನ್ನು ಕಾಯಿಸುವುದಿಲ್ಲ.

ಎರಡನೆಯ ಕಾರಣ ಕಸ್ಟಮ್ ಪೂಲ್, ಅಂದರೆ ನಾವೇ ಗಾತ್ರ ಗೊತ್ತುಪಡಿಸಿದ ಯಂತ್ರಗಳ ಗುಂಪು. ಸ್ಟಾರ್ಟರ್ ಪೂಲ್‌ನಲ್ಲಿರುವುದು ಮೀಡಿಯಂ ನೋಡ್‌ಗಳು (ಮಧ್ಯಮ ಗಾತ್ರದ ಯಂತ್ರಗಳು). ಖರ್ಚು ಉಳಿಸಲೆಂದು ಸ್ಮಾಲ್ ನೋಡ್, ವೇಗಕ್ಕೆಂದು ಲಾರ್ಜ್ ನೋಡ್, ಹೀಗೆ ಯಾವ ದಿಕ್ಕಿಗೆ ಬದಲಿಸಿದರೂ ಅಂಥ ನೋಡ್‌ಗಳನ್ನು ಹೊಸದಾಗಿ ತರಿಸಿಕೊಳ್ಳಬೇಕಾಗುವುದರಿಂದ ಸುಮಾರು 3 ನಿಮಿಷ ಹಿಡಿಯುತ್ತದೆ. ವರ್ಕ್‌ಸ್ಪೇಸ್ ಸೆಟ್ಟಿಂಗ್‌ನಲ್ಲಿ ಪೂಲ್‌ನ ಹೆಸರನ್ನು ಒಮ್ಮೆ ಕಣ್ಣಾರೆ ನೋಡಿ. ಹಾಗೆಯೇ, ನೋಟ್‌ಬುಕ್‌ನ ಮೇಲ್ತುದಿಯಲ್ಲಿ ಸೆಷನ್‌ನ ಸೆಟ್ಟಿಂಗ್‌ಗಳನ್ನು ಬದಲಿಸುವ ಕಾನ್ಫಿಗರ್ ಎಂಬ ಮ್ಯಾಜಿಕ್ ಕಮಾಂಡ್ ಇದೆಯೇ ಎಂದೂ ನೋಡಿ. ಬೇರೆ ಕಡೆಯಿಂದ ನಕಲಿಸಿದ ಕೋಡಿನೊಂದಿಗೆ ಅದು ಸದ್ದಿಲ್ಲದೆ ಬಂದು ಸೇರುವುದುಂಟು.

ಮೂರನೆಯದು ನಿಮ್ಮ ಕೈಯಲ್ಲಿಲ್ಲ. ಸಂಸ್ಥೆಯ ಭದ್ರತಾ ನೀತಿಯಂತೆ ಪ್ರೈವೇಟ್ ಲಿಂಕ್ ಅಥವಾ ಮ್ಯಾನೇಜ್ಡ್ ವರ್ಚುವಲ್ ನೆಟ್‌ವರ್ಕ್ (ದತ್ತಾಂಶವನ್ನು ಸಾರ್ವಜನಿಕ ಜಾಲದಿಂದ ಬೇರ್ಪಡಿಸುವ ಖಾಸಗಿ ಜಾಲ ವ್ಯವಸ್ಥೆಗಳು) ಅಳವಡಿಸಿದ್ದರೆ ಸ್ಟಾರ್ಟರ್ ಪೂಲ್ ಸಿಗುವುದೇ ಇಲ್ಲ. ಪ್ರತಿ ಸಲವೂ ಕ್ಲಸ್ಟರ್ ಕಟ್ಟಲು 2ರಿಂದ 5 ನಿಮಿಷ ಬೇಕು. ಅಡ್ಮಿನ್‌ರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಆ ಭದ್ರತೆ ಅಗತ್ಯವಾಗಿದ್ದರೆ, ವೇಗಕ್ಕಾಗಿ ಅದನ್ನು ತೆಗೆಸಲು ಒತ್ತಾಯಿಸಬಾರದು ಎಂಬುದು ನನ್ನ ಸ್ಪಷ್ಟ ನಿಲುವು.

ಕೆಪಾಸಿಟಿಯ ವಿಷಯ. ಕೆಪಾಸಿಟಿಯನ್ನು ಅಳೆಯುವ ಒಂದು ಕೆಪಾಸಿಟಿ ಯೂನಿಟ್‌ಗೆ 2 ಸ್ಪಾರ್ಕ್ ವಿ-ಕೋರ್ (ವರ್ಚುವಲ್ ಪ್ರೊಸೆಸರ್) ಸಿಗುತ್ತದೆ, ಒಂದು ಮೀಡಿಯಂ ನೋಡ್‌ಗೆ 8 ವಿ-ಕೋರ್ ಬೇಕು. ಸ್ಪಾರ್ಕ್‌ನ ಮಿತಿ ಪೂರ್ತಿ ಬಳಕೆಯಾಗಿದ್ದಾಗ ನೀವು ಕೈಯಾರೆ ತೆರೆಯುವ ನೋಟ್‌ಬುಕ್ ನಿಧಾನವಾಗುವುದಿಲ್ಲ. 430 ಎಂಬ ದೋಷಸಂಖ್ಯೆಯೊಂದಿಗೆ ಕೋರಿಕೆಯೇ ತಿರಸ್ಕೃತವಾಗುತ್ತದೆ. ಸರದಿಯಲ್ಲಿ ಕಾಯುವುದು ಪೈಪ್‌ಲೈನ್ (ಕೆಲಸಗಳನ್ನು ಒಂದರ ಹಿಂದೊಂದು ತಾನಾಗಿ ಓಡಿಸುವ ಸರಣಿ) ಮತ್ತು ನಿಗದಿತ ಸಮಯದ ಕೆಲಸಗಳಂಥವು ಮಾತ್ರ. ನೀವು ಆ ದೋಷವನ್ನು ಪ್ರಸ್ತಾಪಿಸಿಲ್ಲ. ಹಾಗಾಗಿ ದೊಡ್ಡ ಕೆಪಾಸಿಟಿ ಕೊಂಡರೂ ಈ ನಾಲ್ಕೈದು ನಿಮಿಷ ಕಡಿಮೆಯಾಗುತ್ತದೆಂದು ನನಗನ್ನಿಸುವುದಿಲ್ಲ.

ವಿಳಂಬ ತಪ್ಪಿಸಲಾಗದಿದ್ದರೆ ಅದನ್ನು ಒಂದೇ ಸಲ ಅನುಭವಿಸುವಂತೆ ಮಾಡಿಕೊಳ್ಳಬಹುದು. ಹೈ ಕಾನ್‌ಕರೆನ್ಸಿ ಮೋಡ್‌ನಲ್ಲಿ ಒಬ್ಬ ಬಳಕೆದಾರನ ಹಲವು ನೋಟ್‌ಬುಕ್‌ಗಳು ಒಂದೇ ಸೆಷನ್ ಹಂಚಿಕೊಳ್ಳುತ್ತವೆ. ಆದರೆ ಅವುಗಳ ಡಿಫಾಲ್ಟ್ ಲೇಕ್‌ಹೌಸ್ (ದತ್ತಾಂಶ ಇಡುವ ಉಗ್ರಾಣ) ಮತ್ತು ಎನ್ವಿರಾನ್‌ಮೆಂಟ್ ಒಂದೇ ಆಗಿರಬೇಕು. ಪೈಪ್‌ಲೈನ್‌ನಲ್ಲಿ ಇದೇ ಅನುಕೂಲಕ್ಕೆ ಸೆಷನ್ ಟ್ಯಾಗ್ ಇದೆ. ಬಳಸದೆ ಬಿಟ್ಟ ಸೆಷನ್ ಡಿಫಾಲ್ಟ್ ಆಗಿ 20 ನಿಮಿಷಕ್ಕೆ ಮುಗಿಯುತ್ತದೆ, ಅಂದರೆ ಚಹಾ ಕುಡಿದು ತುಸು ತಡವಾಗಿ ಬಂದರೂ ಕಾಯುವಿಕೆ ಮೊದಲಿನಿಂದ ಶುರು. ಆ ಅವಧಿ ಹೆಚ್ಚಿಸಬಹುದು, ಆದರೆ ಸುಮ್ಮನೆ ನಿಂತ ಸೆಷನ್ ಕೂಡ ಕೆಪಾಸಿಟಿಯನ್ನು ತಿನ್ನುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಮಾತನ್ನು ಹೇಳಲೇಬೇಕು. ಎರಡು ಮಾರುಕಟ್ಟೆಗಳ ದಿನವಹಿ ಧಾರಣೆ ಎಷ್ಟೇ ವರ್ಷಗಳದ್ದಾದರೂ ಅದಕ್ಕೆ ಸ್ಪಾರ್ಕ್ ಬೇಕಾಗುವುದಿಲ್ಲ. ಫ್ಯಾಬ್ರಿಕ್‌ನಲ್ಲಿ ಬರೀ ಪೈಥಾನ್‌ನ ನೋಟ್‌ಬುಕ್ ಕೂಡ ಇದೆ. 2 ವಿ-ಕೋರ್ ಹಾಗೂ 16 ಜಿಬಿ ಮೆಮೊರಿಯ ಒಂದೇ ಯಂತ್ರದಲ್ಲಿ ಅದು ಓಡುತ್ತದೆ, ಬೇಗನೆ ತೆರೆಯುತ್ತದೆ. ಪಾಂಡಾಸ್ ಅಥವಾ ಪೋಲಾರ್ಸ್ ಎಂಬ ಪೈಥಾನ್ ಲೈಬ್ರರಿಗಳಲ್ಲಿ ನಿಮ್ಮ ಲೆಕ್ಕ ಆರಾಮವಾಗಿ ಮುಗಿಯಬೇಕು. ನಾನಾಗಿದ್ದರೆ ಈ ದಾರಿಯನ್ನೇ ಮೊದಲು ಹಿಡಿಯುತ್ತಿದ್ದೆ.

ಇಷ್ಟಾದ ಮೇಲೂ ವಿಳಂಬ ಉಳಿದರೆ, ಎನ್ವಿರಾನ್‌ಮೆಂಟ್ ಇಲ್ಲದೆ ಒಮ್ಮೆ, ಅದರೊಂದಿಗೆ ಒಮ್ಮೆ ಆ ಒಂದು ಸಾಲಿನ ಸೆಲ್ ಓಡಿಸಿ, ಸೆಷನ್ ಸಿದ್ಧವಾದ ಎರಡೂ ಸಮಯಗಳನ್ನು ಪೂಲ್‌ನ ಹೆಸರಿನೊಂದಿಗೆ ಇಲ್ಲಿ ಬರೆಯಿರಿ.